ಬೆಲ್ಟಿನ ಲೆಕ್ಕಕ್ಕೆ ಸಿಗದ ಅಭ್ಯಾಸದ ವರ್ಷಗಳು

ನಮ್ಮ ಕಡೆ ಯಾರಾದರೂ ತಮ್ಮ ಸಮರಕಲೆಯ ಅಭ್ಯಾಸದ ಕುರಿತು ಹೇಳತೊಡಗಿದರೆ ಆ ಮಾತು ಸಾಮಾನ್ಯವಾಗಿ ಬೆಲ್ಟಿನ ಬಣ್ಣದಿಂದ ಆರಂಭವಾಗಿ ಪ್ರಮಾಣಪತ್ರಗಳ ಪಟ್ಟಿಯಲ್ಲಿ ಮುಗಿಯುತ್ತದೆ. ಯಾವ ವರ್ಷ ಹಸಿರು, ಯಾವ ವರ್ಷ ಕಂದು, ಯಾವ ಶಿಬಿರದಲ್ಲಿ ಕಪ್ಪು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಕಲಿಸಿದವರು ಯಾರು, ಎದುರಿಗೆ ನಿಂತು ಮೈಕೊಟ್ಟ ಜೊತೆಗಾರರು ಯಾರು, ಯಾವ ಪಟ್ಟು ವರ್ಷಗಟ್ಟಲೆ ಕೈಗೆ ಹತ್ತಲಿಲ್ಲ, ಒಂದು ಕಲೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಏನು ಕಾರಣವಾಯಿತು ಎಂಬುದು ಇರುವುದಿಲ್ಲ. ಹೈಸ್ಕೂಲಿನ ಮೈದಾನದಲ್ಲಿ ಕರಾಟೆಯಿಂದ ಆರಂಭಿಸಿ, ಕಾಲೇಜಿನ ದಿನಗಳಲ್ಲಿ ಜೂಡೋಗೆ ಬಂದು, ಈಗ ಧಾರವಾಡದಲ್ಲಿ ಮಕ್ಕಳಿಗೂ ದೊಡ್ಡವರಿಗೂ ಜೂಡೋ ಕಲಿಸುತ್ತಿರುವ ನನಗೆ, ಹೀಗೆ ಬಿಟ್ಟುಹೋಗುವ ಭಾಗವೇ ನಿಜವಾದ ಅಭ್ಯಾಸದ ಚರಿತ್ರೆ ಎಂಬ ನಂಬಿಕೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. ಅದರಲ್ಲೂ ನಮ್ಮ ಗರಡಿಮನೆಗಳಲ್ಲಿ ಕಳೆದ ವರ್ಷಗಳನ್ನು ನಮ್ಮವರೇ ಲೆಕ್ಕದಿಂದ ಹೊರಗಿಡುತ್ತಿರುವುದು ನನಗೆ ತೀವ್ರ ನೋವು ತರುವ ಸಂಗತಿಯಾಗಿದೆ.

ಕಲೆಯನ್ನು ಬದಲಿಸಿದವರನ್ನು ನೆಲೆಯಿಲ್ಲದವರಂತೆ ಕಾಣುವ ರೂಢಿಯೂ ನಮ್ಮಲ್ಲಿದೆ. ಹಾಗೆ ಕಾಣುವವರು ಆಯಾ ಕಲೆಗಳನ್ನು ಕಟ್ಟಿದವರ ಜೀವನವನ್ನು ಒಮ್ಮೆ ನೋಡಬೇಕು. 1860ರಲ್ಲಿ ಹುಟ್ಟಿದ, ಜೂಡೋದ ಸ್ಥಾಪಕ ಜಿಗೊರೊ ಕಾನೊ ಮೊದಲು, ಜಪಾನಿನ ಹಳೆಯ ಸೆಣಸಾಟದ ಕಲೆಯಾದ ಜುಜುತ್ಸುವಿನ ತೆಂಜಿನ್ ಶಿನ್ಯೋ ಎಂಬ ಸಂಪ್ರದಾಯದ ಫುಕುದಾ ಹಚಿನೊಸುಕೆ ಅವರಲ್ಲಿ ಶಿಷ್ಯರಾಗಿ ಸೇರಿದರು. ಒಂದು ಪಟ್ಟನ್ನು ಹೇಗೆ ಹಾಕಬೇಕೆಂದು ಕಾನೊ ಕೇಳಿದಾಗ ಗುರು ವಿವರಣೆ ಕೊಡದೆ ಅವರನ್ನು ಮತ್ತೆ ಮತ್ತೆ ಎತ್ತಿ ಒಗೆದರಂತೆ. ಫುಕುದಾ ತೀರಿಕೊಂಡ ಮೇಲೆ ಅದೇ ಸಂಪ್ರದಾಯದ ಇಸೊ ಮಸಾತೊಮೊ ಅವರಲ್ಲಿಯೂ, ಅವರೂ ತೀರಿಕೊಂಡ ಬಳಿಕ ಕಿತೋ ಎಂಬ ಬೇರೆಯೇ ಸಂಪ್ರದಾಯದ ಈಕುಬೊ ತ್ಸುನೆತೋಶಿ ಅವರಲ್ಲಿಯೂ ಕಾನೊ ಅಭ್ಯಾಸ ಮುಂದುವರಿಸಿದರು. ಮೊದಲನೆಯದರಲ್ಲಿ ಹಿಡಿತ ಮತ್ತು ಕತ್ತು ಬಿಗಿಯುವ ಪಟ್ಟುಗಳಿಗೆ ಹೆಚ್ಚು ಒತ್ತು ಇದ್ದರೆ ಎರಡನೆಯದರಲ್ಲಿ ಎಸೆತಕ್ಕೆ ಪ್ರಾಧಾನ್ಯವಿತ್ತು. 1882ರಲ್ಲಿ ಟೋಕಿಯೊದ ದೇವಾಲಯವೊಂದರಲ್ಲಿ ಅವರು ಆರಂಭಿಸಿದ ಜೂಡೋ ಶಾಲೆ ಕೊಡೊಕಾನ್, ಹೀಗೆ ಎರಡು ಸಂಪ್ರದಾಯಗಳು ಮತ್ತು ಮೂವರು ಗುರುಗಳು ಒಬ್ಬನೇ ಮನುಷ್ಯನ ಮೈಯಲ್ಲಿ ಸೇರಿದ್ದರ ಫಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಸಂಗವೊಂದಿದೆ. ಫುಕುದಾ ಅವರ ಶಾಲೆಯಲ್ಲಿ ತಮಗಿಂತ ಬಹಳ ದಪ್ಪನಾಗಿದ್ದ ಸಹಪಾಠಿಯೊಬ್ಬನನ್ನು ಸೋಲಿಸಲಾಗದೆ ಹೋದಾಗ ಕಾನೊ ಮೊದಲು ಸುಮೊ ಪಟ್ಟುಗಳನ್ನು ಪ್ರಯತ್ನಿಸಿದರು. ಅದೂ ಸಾಲದಾದಾಗ ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನು ಓದಿ, ಎದುರಾಳಿಯನ್ನು ಎರಡೂ ಹೆಗಲುಗಳ ಮೇಲೆ ಅಡ್ಡಲಾಗಿ ಎತ್ತಿಕೊಂಡು ಆಚೆ ಕೆಡವುವ ಪಟ್ಟೊಂದನ್ನು ರೂಢಿಸಿಕೊಂಡರು. ಜೂಡೋದಲ್ಲಿ ಅದನ್ನು ಕಟಾ ಗುರುಮಾ ಎನ್ನುತ್ತಾರೆ. ಇಂದಿಗೂ ಜೂಡೋ ಎಸೆತಗಳ ಶಾಸ್ತ್ರೀಯ ಪ್ರದರ್ಶನದಲ್ಲಿ ಅದು ಮೂರನೆಯ ಪಟ್ಟಾಗಿ ಬರುತ್ತದೆ. ಜಪಾನಿನ ಅತ್ಯಂತ ಗೌರವಾನ್ವಿತ ಕಲೆಯೊಂದರ ಹೃದಯಭಾಗದಲ್ಲಿ ಪರದೇಶದ ಕುಸ್ತಿಯಿಂದ ಎರವಲು ತಂದ ಪಟ್ಟು ಇದೆ, ಮತ್ತು ಅದನ್ನು ತಂದವರು ಆ ಕಲೆಯ ಸ್ಥಾಪಕರೇ.

ಕರಾಟೆಯವರ ಚರಿತ್ರೆಯೂ ಇದಕ್ಕಿಂತ ಬೇರೆಯಲ್ಲ. ಗಿಚಿನ್ ಫುನಾಕೊಶಿ ಓಕಿನಾವಾದಲ್ಲಿ ಅಸಾತೊ ಮತ್ತು ಇತೋಸು ಎಂಬ ಇಬ್ಬರು ಗುರುಗಳಲ್ಲಿ ಕಲಿತವರು. 1922ರಲ್ಲಿ ಅವರು ಟೋಕಿಯೊಗೆ ಬಂದು ಕರಾಟೆಯನ್ನು ಪ್ರದರ್ಶಿಸಿದಾಗ ಕಾನೊ ಅವರನ್ನು ಕೊಡೊಕಾನಿಗೆ ಆಹ್ವಾನಿಸಿದರು. ಇಂದು ಕರಾಟೆ ಮಕ್ಕಳು ತೊಡುವ ಬಿಳಿಯ ಉಡುಪು ಮತ್ತು ಕಪ್ಪು ಬೆಲ್ಟಿನ ಪದ್ಧತಿ ಜೂಡೋದಿಂದಲೇ ಅಲ್ಲಿಗೆ ಬಂದವು. ಇಷ್ಟು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಈಗ ನಮ್ಮ ಕಡೆಯ ಮಾತು. ಅಥಣಿ ಕಡೆಯ ಹಳ್ಳಿಯೊಂದರಿಂದ ಕಾಲೇಜು ಓದಲು ಧಾರವಾಡಕ್ಕೆ ಬಂದ ಹುಡುಗನೊಬ್ಬ ನನ್ನ ತರಗತಿಗೆ ಸೇರಿದ. ಸೇರ್ಪಡೆಯ ಅರ್ಜಿಯಲ್ಲಿ ‘ಹಿಂದಿನ ತರಬೇತಿ’ ಎಂಬ ಸಾಲಿನ ಎದುರು ‘ಇಲ್ಲ’ ಎಂದು ಬರೆದಿದ್ದ. ಮೊದಲ ದಿನ ಜೊತೆಗಾರನ ತೋಳು ಹಿಡಿದು ನಿಂತ ರೀತಿಯಲ್ಲೇ ಅವನ ‘ಇಲ್ಲ’ ನಿಜವಲ್ಲವೆಂದು ತಿಳಿಯಿತು. ಸೊಂಟ ತಗ್ಗಿತ್ತು, ತಲೆ ಎದುರಾಳಿಯ ಎದೆಗೆ ಆನಿಕೊಂಡಿತ್ತು, ಪಾದಗಳು ನೆಲವನ್ನು ಬಿಡದೆ ಸರಿಯುತ್ತಿದ್ದವು. ವಿಚಾರಿಸಿದರೆ, ಚಿಕ್ಕಂದಿನಿಂದ ಊರಿನ ಗರಡಿಮನೆಯಲ್ಲಿ ಕುಸ್ತಿ ಗುರುಗಳಾದ ವಸ್ತಾದರ ಕೈಕೆಳಗೆ ದಂಡ, ಬೈಠಕು, ಸಪಾಟಿಯಂಥ ಕಸರತ್ತು ಹೊಡೆಯುತ್ತ, ಸುತ್ತಲಿನ ಜಾತ್ರೆಗಳಲ್ಲಿ ಸೋಲು-ಗೆಲುವು ತೀರ್ಮಾನವಾಗುವವರೆಗೆ ನಡೆಯುವ ನಿಕಾಲಿ ಕುಸ್ತಿಗಳಲ್ಲಿ ಆಡುತ್ತ ಬೆಳೆದವನು ಅವನು. ಅದನ್ನೇಕೆ ಬರೆಯಲಿಲ್ಲವೆಂದು ಕೇಳಿದ್ದಕ್ಕೆ, “ಅದು ತಾಲೀಮು ರೀ ಮೇಡಂ, ಸರ್ಟಿಫಿಕೇಟ್ ಏನೂ ಇಲ್ಲಲ್ಲ” ಎಂದ. ಅವನ ದನಿಯಲ್ಲಿ ಸಂಕೋಚವಿತ್ತು, ಮತ್ತು ಆ ಸಂಕೋಚವನ್ನು ಅವನಿಗೆ ಕಲಿಸಿದವರು ನಾವೇ.

ಒಂದು ಸಂಜೆ ಅವನು ನನ್ನ ಹಿರಿಯ ವಿದ್ಯಾರ್ಥಿಯೊಬ್ಬನನ್ನು ಹೆಗಲ ಮೇಲೆ ಎತ್ತಿ ಆಚೆ ಬಿಟ್ಟ. ಬೆಳಗಾವಿ, ಕೊಲ್ಹಾಪುರ ಕಡೆಯ ಪೈಲ್ವಾನರು ಕಲಾಜಂಗ್ ಎಂದು ಕರೆಯುವ ಪಟ್ಟು ಅದು; ಕಾನೊ ಅವರು ಪುಸ್ತಕದಿಂದ ಹುಡುಕಿ ತೆಗೆದದ್ದೂ ಅದೇ. ಆದರೆ ಸ್ಪರ್ಧೆಯಲ್ಲಿ ಅದನ್ನು ಹೀಗೆ ಕಾಲಿಗೆ ಕೈಹಾಕಿ ಮಾಡುವಂತಿಲ್ಲ ಎಂದು ನಾನು ಅವನಿಗೆ ಹೇಳಬೇಕಾಯಿತು. ಅಂತರರಾಷ್ಟ್ರೀಯ ಜೂಡೋ ನಿಯಮಗಳು 2010ರಿಂದ ಕಾಲು ಹಿಡಿಯುವುದನ್ನು ಮೊದಲು ಮಿತಿಗೊಳಿಸಿ 2013ರಲ್ಲಿ ಪೂರ್ತಿಯಾಗಿ ನಿಷೇಧಿಸಿದವು. ಈ ನಿಷೇಧವನ್ನು ನಾನು ಮನಸಾರೆ ಒಪ್ಪಿಕೊಂಡಿಲ್ಲ. ಕುಸ್ತಿ ಹಿನ್ನೆಲೆಯಿಂದ ಬರುವ ಮಕ್ಕಳ ಅತ್ಯುತ್ತಮ ಪಟ್ಟುಗಳನ್ನು ಅದು ಒಂದೇ ಏಟಿಗೆ ಕಸಿದುಕೊಂಡಿದೆ.

ಒಬ್ಬರ ಅಭ್ಯಾಸದ ಚರಿತ್ರೆ ಅವರ ಮೈಯಲ್ಲಿ ಎಷ್ಟು ಆಳವಾಗಿ ಉಳಿಯುತ್ತದೆ ಎಂಬುದನ್ನು ನೋಡಬೇಕಾದರೆ ನೆಲದ ಮೇಲಿನ ಹೋರಾಟವನ್ನು ನೋಡಬೇಕು. ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್, ಆಟ ಅಲ್ಲಿಗೆ ಮುಗಿಯಿತು. ಆದುದರಿಂದ ಗರಡಿಯಲ್ಲಿ ಬೆಳೆದವರು ಬೀಳುವಾಗಲೂ ಹೊಟ್ಟೆ ಕೆಳಗಾಗುವಂತೆ ತಿರುಗಿಕೊಳ್ಳುತ್ತಾರೆ. ಅದನ್ನು ಅವರು ಯೋಚಿಸಿ ಮಾಡುವುದಿಲ್ಲ. ಬ್ರೆಜಿಲಿಯನ್ ಜಿಯುಜಿತ್ಸುವಿನಲ್ಲಾದರೋ ಬೆನ್ನ ಮೇಲೆ ಮಲಗಿ, ಎದುರಾಳಿಯನ್ನು ಎರಡು ಕಾಲುಗಳ ನಡುವೆ ಕಟ್ಟಿಹಾಕುವುದು ಹೋರಾಟದ ಒಂದು ಮುಖ್ಯ ನೆಲೆ. ಬೆಂಗಳೂರಿನ ತರಗತಿಯೊಂದರಲ್ಲಿ ನಾನು ಕೆಲಕಾಲ ಅದನ್ನು ಕಲಿತಾಗ, ನನ್ನ ಜೊತೆಗಿದ್ದ ಮಾಜಿ ಪೈಲ್ವಾನರೊಬ್ಬರು ಎಷ್ಟು ತಿಂಗಳಾದರೂ ಬೆನ್ನ ಮೇಲೆ ನೆಮ್ಮದಿಯಿಂದ ಇರಲಾರದೆ ಹೋದರು. ಆದರೆ ಅವರನ್ನು ಬೆನ್ನ ಮೇಲೆ ಬೀಳಿಸುವುದು ನಮ್ಮಲ್ಲಿ ಯಾರಿಂದಲೂ ಸುಲಭಕ್ಕೆ ಆಗುತ್ತಿರಲಿಲ್ಲ. ಕರಾಟೆಯಿಂದ ಬಂದವರು ಜೂಡೋದಲ್ಲಿ ಮೊದಮೊದಲು ದೂರವನ್ನು ಕಾಯ್ದುಕೊಳ್ಳಲು ನೋಡುತ್ತಾರೆ, ಹಿಡಿತಕ್ಕೆ ಸಿಗುವುದೆಂದರೆ ಅವರಿಗೆ ಹಿಂಸೆ. ನನ್ನ ಜೂಡೋ ಗುರುಗಳು ನಾನು ನಿಂತ ಭಂಗಿ ನೋಡಿಯೇ ನನ್ನ ಹಳೆಯ ಕಲೆಯನ್ನು ಗುರುತಿಸಿದ್ದರು.

ಬ್ರೆಜಿಲಿಯನ್ ಜಿಯುಜಿತ್ಸುವಿನ ಮೂಲದಲ್ಲಿರುವ ಮಿತ್ಸುಯೊ ಮಾಯೆದಾ ಅವರ ಬದುಕು ಈ ದೃಷ್ಟಿಯಿಂದ ಒಂದು ಅಪೂರ್ವ ಚರಿತ್ರೆ. ಹುಡುಗನಾಗಿದ್ದಾಗ ಸುಮೊ, ಆಮೇಲೆ ಕೊಡೊಕಾನಿನಲ್ಲಿ ಜೂಡೋ, 1904ರಲ್ಲಿ ಅಮೆರಿಕಕ್ಕೆ ಪ್ರಯಾಣ, ಅನಂತರ ಯುರೋಪು ಮತ್ತು ಅಮೆರಿಕ ಖಂಡಗಳ ಊರೂರುಗಳಲ್ಲಿ ಸ್ಥಳೀಯ ಕುಸ್ತಿಪಟುಗಳೊಂದಿಗೆ ಸೆಣಸಾಟ. 1914ರಲ್ಲಿ ಬ್ರೆಜಿಲಿಗೆ ಬಂದು, ಕೊನೆಗೆ ಬೆಲೆಮ್ ನಗರದಲ್ಲಿ ನೆಲೆಸಿದ ಅವರಿಂದ, ಮುಂದೆ ಬ್ರೆಜಿಲಿಯನ್ ಜಿಯುಜಿತ್ಸುವನ್ನು ಕಟ್ಟಿದವರಲ್ಲೊಬ್ಬರಾದ ಕಾರ್ಲೋಸ್ ಗ್ರೇಸಿ ಕಲಿತದ್ದನ್ನು ಬರಿಯ ಜೂಡೋ ಎನ್ನಲಾಗದು. ಅದರಲ್ಲಿ ಆ ಎಲ್ಲ ಊರುಗಳ ಕುಸ್ತಿಯೂ ಸೇರಿತ್ತೆಂದೇ ನಾನು ನಂಬಿದ್ದೇನೆ.

ಮಣ್ಣಿನಿಂದ ಮ್ಯಾಟಿಗೆ ಬಂದವರ ಪೈಕಿ ನಮಗೆ ಹತ್ತಿರದವರು ಮಹಾರಾಷ್ಟ್ರದ ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್. ಮಣ್ಣಿನ ಕಣದಲ್ಲಿ ಬೆಳೆದ ಅವರು 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮ್ಯಾಟ್ ಮೇಲಿನ ಆಟವೂ ಅಂತರರಾಷ್ಟ್ರೀಯ ನಿಯಮಗಳೂ ಅವರಿಗೆ ಹೊಸವಾಗಿದ್ದವು. ಅಲ್ಲಿ ಅಮೆರಿಕದ ರೀಸ್ ಗಾರ್ಡ್ನರ್ ಅವರ ಮಾರ್ಗದರ್ಶನ ಪಡೆದು ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದರು. ಈ ಪದಕವನ್ನು ಮ್ಯಾಟಿನ ಲೆಕ್ಕಕ್ಕೆ ಬರೆದು ಮಣ್ಣಿನ ವರ್ಷಗಳನ್ನು ಬಾಲ್ಯದ ಹವ್ಯಾಸವೆಂದು ಬದಿಗಿಡುವವರ ಮಾತನ್ನು ನಾನು ಒಪ್ಪಲಾರೆ. ಮ್ಯಾಟಿನ ನಿಯಮಗಳನ್ನು ನಾಲ್ಕು ವರ್ಷದಲ್ಲಿ ಕಲಿಯಬಹುದು. ಮಣ್ಣು ಕೊಟ್ಟ ಕತ್ತಿನ ಬಲ ಮತ್ತು ಸೊಂಟದ ಸೂಕ್ಷ್ಮ ಆ ಅವಧಿಯಲ್ಲಿ ಬರುವಂಥದ್ದಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಚರಿತ್ರೆ ಇನ್ನಷ್ಟು ಮುರಿದು ಕಾಣುತ್ತದೆ. ನಮ್ಮ ಕಾಕಾ ಗರಡಿಯಲ್ಲಿ ಬೆಳೆದ ಪೈಲ್ವಾನರು, ಆದರೆ ನಾನು ಆ ಬಾಗಿಲನ್ನು ದಾಟುವಂತಿರಲಿಲ್ಲ. ಹನುಮಂತದೇವರು ಬ್ರಹ್ಮಚಾರಿ ಎಂಬ ಕಾರಣವನ್ನು ಮುಂದಿಟ್ಟು ಹೆಂಗಸರನ್ನು ಕೆಮ್ಮಣ್ಣಿನ ಕಣದಿಂದ ದೂರವಿಟ್ಟ ಸಂಪ್ರದಾಯ ಅದು. ಶಾಲೆಯ ಮೈದಾನದ ಕರಾಟೆ ತರಗತಿ ನನ್ನನ್ನು ಸೇರಿಸಿಕೊಂಡಿತು, ಅದಕ್ಕಾಗಿ ಆ ಕಲೆಗೆ ನಾನು ಎಂದೆಂದಿಗೂ ಋಣಿ. ಆದರೂ ಕಾಕಾ ನಮ್ಮ ಹಿತ್ತಲಲ್ಲಿ ನನಗೆ ದಂಡ ಹೊಡೆಯುವುದನ್ನು, ಕತ್ತನ್ನು ಗಟ್ಟಿ ಮಾಡಿಕೊಳ್ಳುವುದನ್ನು, ಎದುರಾಳಿ ತಳ್ಳಿದಾಗ ಆ ತಳ್ಳಿನ ಜೊತೆಯಲ್ಲೇ ಹೋಗುವುದನ್ನು ಕಲಿಸಿದರು. ಮುಂದೆ ಜೂಡೋದಲ್ಲಿ ನನಗೆ ಬೇಗ ಹಿಡಿತ ಸಿಕ್ಕಿದ್ದರ ಹಿಂದೆ ಆ ಹಿತ್ತಲಿನ ಪಾಠವಿತ್ತು. ನನ್ನ ಯಾವ ಪ್ರಮಾಣಪತ್ರದಲ್ಲಿಯೂ ಅವರ ಹೆಸರಿಲ್ಲ.

ಜಪಾನಿನಲ್ಲೂ ಹೆಣ್ಣುಮಕ್ಕಳಿಗೆ ದಾರಿ ಸುಲಭವಾಗಿರಲಿಲ್ಲ. ಕಾನೊ ಅವರ ಮೊದಲ ಗುರು ಫುಕುದಾ ಹಚಿನೊಸುಕೆ ಅವರ ಮೊಮ್ಮಗಳು ಕೇಯ್ಕೊ ಫುಕುದಾ. ಸ್ವತಃ ಕಾನೊ ಅವರ ಆಹ್ವಾನದ ಮೇರೆಗೆ 1935ರಲ್ಲಿ ಅವರು ಕೊಡೊಕಾನಿನ ಮಹಿಳಾ ವಿಭಾಗವನ್ನು ಸೇರಿದರು. ಅಲ್ಲಿ ಮಹಿಳೆಯರಿಗೆ ಐದನೆಯ ಡಾನಿಗಿಂತ (ಡಾನ್ ಎಂದರೆ ಕಪ್ಪು ಬೆಲ್ಟಿನ ದರ್ಜೆ) ಮೇಲಿನ ದರ್ಜೆ ಇರಲಿಲ್ಲವಾದ್ದರಿಂದ ಅವರು ಬಹಳ ಕಾಲ ಅದರಲ್ಲೇ ಉಳಿಯಬೇಕಾಯಿತು. ಆರನೆಯ ಡಾನ್ ದೊರೆತದ್ದು 1972ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬದುಕಿನ ಕೊನೆಯವರೆಗೂ ಕಲಿಸುತ್ತಿದ್ದ ಅವರಿಗೆ ಅಮೆರಿಕದ ಜೂಡೋ ಸಂಸ್ಥೆ 2011ರಲ್ಲಿ ಹತ್ತನೆಯ ಡಾನ್ ನೀಡಿತು, ಮತ್ತು 2013ರಲ್ಲಿ ತಮ್ಮ 99ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಜ್ಞಾನವನ್ನು ಬೆಲ್ಟಿನಿಂದ ಅಳೆದಿದ್ದರೆ ಆ ಅಷ್ಟೂ ವರ್ಷ ಅವರು ಏನನ್ನೂ ಕಲಿಯಲಿಲ್ಲವೆಂದೇ ಹೇಳಬೇಕಾಗುತ್ತಿತ್ತು. ಮಹಿಳೆಯರ ಜೂಡೋ ಪದಕ ಸ್ಪರ್ಧೆಯಾಗಿ ಒಲಿಂಪಿಕ್ಸಿಗೆ ಬಂದದ್ದು 1992ರಲ್ಲಿ, ಮಹಿಳೆಯರ ಕುಸ್ತಿ ಬಂದದ್ದು 2004ರಲ್ಲಿ. ಇಂದು ಹಳಿಯಾಳ, ಗದಗ ಕಡೆಯ ಹೆಣ್ಣುಮಕ್ಕಳು ಮ್ಯಾಟ್ ಮೇಲೆ ಕುಸ್ತಿ ಹಿಡಿಯುವುದನ್ನು ನೋಡುವಾಗ ನನಗಾಗುವ ಸಂತೋಷವನ್ನು ಮಾತಿನಲ್ಲಿ ಹೇಳಲಾರೆ.

ಕಲೆಯಿಂದ ಕಲೆಗೆ ಹಾರುತ್ತ ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ ಎಂಬ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಎರಡು ತಿಂಗಳು ಇಲ್ಲಿ, ಮೂರು ತಿಂಗಳು ಅಲ್ಲಿ ಇದ್ದು ಹೆಸರುಗಳನ್ನು ಸಂಗ್ರಹಿಸುವವರನ್ನು ನಾನೂ ಕಂಡಿದ್ದೇನೆ. ಕಾನೊ ಹಾಗೆ ಮಾಡಲಿಲ್ಲ. ಗುರು ಬದುಕಿರುವವರೆಗೂ ಅವರು ಅಲ್ಲಿದ್ದರು. ಆದರೆ ಒಂದೇ ಕಡೆ ನಿಂತಿದ್ದೇವೆ ಎನ್ನುವವರಲ್ಲಿಯೂ, ಶುಲ್ಕ ಕಟ್ಟಿದಂತೆಲ್ಲ ಬೆಲ್ಟು ಏರುತ್ತ, ಪ್ರತಿರೋಧ ಒಡ್ಡುವ ಎದುರಾಳಿಯನ್ನು ಒಮ್ಮೆಯೂ ಎದುರಿಸದೆ ಕಪ್ಪು ಬೆಲ್ಟು ತೊಟ್ಟ ಮಕ್ಕಳಿದ್ದಾರೆ. ಅವರ ತಂದೆತಾಯಿಗಳು ಆ ಬೆಲ್ಟಿನ ಮೇಲೆ ಇಟ್ಟಿರುವ ನಂಬಿಕೆಯನ್ನು ನೋಡಿದರೆ ನನಗೆ ಆತಂಕವಾಗುತ್ತದೆ. ಹಳದಿ, ಕಿತ್ತಳೆ, ಹಸಿರು, ನೀಲಿ ಎಂಬ ಈ ಸಾಲು ಜೂಡೋ ಯುರೋಪಿಗೆ ಹೋದ ಬಳಿಕ ಅಲ್ಲಿ ಬೆಳೆದದ್ದು. ಕೊಡೊಕಾನಿನ ಆರಂಭದ ದಿನಗಳಲ್ಲಿ ಅದು ಇರಲಿಲ್ಲ.

ನಮ್ಮ ನೆಲದಲ್ಲಿ ಇಂಥದನ್ನು ಬರೆದಿಡುವ ಪರಂಪರೆ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ಹೇಗೆ ವಿಂಗಡಿಸಬೇಕು, ಅವರಿಗೆ ಯಾವ ಆಹಾರ ಕೊಡಬೇಕು, ಭಾರ ಎತ್ತುವುದು, ನೀರಿನಲ್ಲಿ ಶ್ರಮಿಸುವುದು, ಕಂಬದ ಮೇಲಿನ ಸಾಧನೆ ಮೊದಲಾದ ವ್ಯಾಯಾಮಗಳನ್ನು ಹೇಗೆ ಮಾಡಿಸಬೇಕು ಎಂಬುದೆಲ್ಲ ಅದರಲ್ಲಿದೆ. ಒಬ್ಬ ಅರಸನಿಗೆ ಬರೆಯಲು ಯೋಗ್ಯವೆನಿಸಿದ್ದು ಇಂದು ನಮಗೆ ಅರ್ಜಿಯ ಒಂದು ಸಾಲಿಗೂ ಯೋಗ್ಯವೆನಿಸುತ್ತಿಲ್ಲ. ತುಳುನಾಡಿನ ಗರಡಿಗಳಲ್ಲಿ ಕೋಟಿ ಚೆನ್ನಯರ ಹೆಸರು ಇಂದಿಗೂ ಆರಾಧನೆಯಲ್ಲಿ ಉಳಿದಿದೆ. ನಮ್ಮ ಕಡೆಯ ವಸ್ತಾದರ ಹೆಸರುಗಳಿಗೆ ಆ ಭಾಗ್ಯವೂ ಇಲ್ಲ, ಅವರು ಕಲಿಸಿದ ಪಟ್ಟುಗಳು ಮಾತ್ರ ಶಿಷ್ಯರ ಮೈಯಲ್ಲಿ ಓಡಾಡುತ್ತಿವೆ.

ಆದ್ದರಿಂದ ನಾನು ಈಗ ಹಳೆಯ ಪೈಲ್ವಾನರ ಅಭ್ಯಾಸದ ಚರಿತ್ರೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳತೊಡಗಿದ್ದೇನೆ, ಮೊದಲಿಗೆ ಕಾಕಾ ಅವರಿಂದಲೇ. ವಸ್ತಾದರು ಯಾರು, ಅವರಿಗೆ ಕಲಿಸಿದವರು ಯಾರು. ಕಣಕ್ಕೆ ಮಣ್ಣು ಎಲ್ಲಿಂದ ಬರುತ್ತಿತ್ತು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಎಷ್ಟು ದಿನಕ್ಕೊಮ್ಮೆ ಬೆರೆಸುತ್ತಿದ್ದರು. ಖುರಾಕಿನ, ಅಂದರೆ ಪೈಲ್ವಾನರ ವಿಶೇಷ ಆಹಾರದ, ಖರ್ಚು ಯಾರು ನೋಡಿಕೊಂಡರು. ಯಾವ ಜಾತ್ರೆಯಲ್ಲಿ ಯಾರ ಕೈಯಲ್ಲಿ ಸೋತರು, ಆ ಸೋಲಿನ ನಂತರ ಅಭ್ಯಾಸದಲ್ಲಿ ಏನು ಬದಲಾಯಿತು. ಯಾವ ವಯಸ್ಸಿನಲ್ಲಿ, ಯಾವ ಕಾರಣಕ್ಕೆ ಬಿಟ್ಟರು ಎಂದು ಕೇಳುತ್ತೇನೆ. ಗೆದ್ದ ಕುಸ್ತಿಗಳ ಬಗ್ಗೆ ಬಹುತೇಕರು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಸೋಲಿನ ಪ್ರಶ್ನೆಗೆ ಮಾತ್ರ ಎದ್ದು ನಿಂತು, ಎದುರಾಳಿಯ ಕೈ ಎಲ್ಲಿತ್ತು, ತಮ್ಮ ಕಾಲು ಎಲ್ಲಿ ಜಾರಿತು ಎಂಬುದನ್ನು ಮಾಡಿ ತೋರಿಸುತ್ತಾರೆ. ನಿಮ್ಮ ಮನೆಯಲ್ಲಿ ಗರಡಿಯಲ್ಲಿ ಬೆಳೆದ ಅಜ್ಜ, ಕಾಕಾ, ಮಾವ ಯಾರಾದರೂ ಇದ್ದರೆ ದಯವಿಟ್ಟು ಈ ಪ್ರಶ್ನೆಗಳನ್ನು ಅವರಿಗೆ ಕೇಳಿ, ಅವರ ಉತ್ತರವನ್ನು ಫೋನಿನಲ್ಲಾದರೂ ಧ್ವನಿಮುದ್ರಿಸಿಕೊಳ್ಳಿ. ನನ್ನ ಪಟ್ಟಿಯಲ್ಲಿದ್ದ ಹಿರಿಯರಲ್ಲಿ ಕೆಲವರು ನಾನು ಅವರ ಮನೆಗೆ ಹೋಗುವ ಮೊದಲೇ ತೀರಿಕೊಂಡಿದ್ದಾರೆ.