ಬ್ಯಾಚ್ ನಂಬರಿಗೆ ಕತ್ತರಿ ಹಾಕಬೇಡಿ

ಈಗಷ್ಟೇ ಮೆಡಿಕಲ್ ಶಾಪಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಮುಂದೆ ಒಬ್ಬರು ಅಜ್ಜಿ ನಿಂತಿದ್ದರು. ಬಿಪಿ ಮಾತ್ರೆ ನಾಲ್ಕೇ ಸಾಕು ಅಂದರು. ಹುಡುಗ ಸ್ಟ್ರಿಪ್ಪನ್ನು ಕಚಕ್ ಅಂತ ಕತ್ತರಿಸಿ ಕವರಿಗೆ ಹಾಕಿದ. ಒಂದೇ ಸಲಕ್ಕೆ ತಯಾರಾದ ಮಾತ್ರೆಗಳಿಗೆಲ್ಲ ಕೊಡುವ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇದ್ದ ತುದಿ ಅವನ ಹತ್ತಿರವೇ ಉಳಿಯಿತು. ಬಿಲ್ಲೂ ಇಲ್ಲ. "ಬ್ಯಾಚ್ ಬರೆದುಕೊಡಪ್ಪ" ಅಂದೆ. "ಅದನ್ನ ಯಾರು ನೋಡ್ತಾರೆ ಅಕ್ಕಾ?" ಅಂದ.

ನಾನು ನೋಡುತ್ತೇನೆ. ಇಷ್ಟು ವರ್ಷ ಔಷಧಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನಾನು ಮಾಡಿದ್ದೇ ಅದು. ಒಂದು ಬ್ಯಾಚಿನ ಆರು ಮಾತ್ರೆ ತೆಗೆದು, 37 ಡಿಗ್ರಿಯ ದ್ರವ ಇರುವ ಆರು ಪಾತ್ರೆಗಳಿಗೆ ಒಂದೊಂದು ಹಾಕಿ, ಎಷ್ಟು ಹೊತ್ತಿಗೆ ಎಷ್ಟು ಔಷಧಿ ಕರಗಿತು ಅಂತ ಅಳೆಯುತ್ತೇವೆ. ಐದು ಕರಗಿ ಒಂದು ಮಾತ್ರ ಕಲ್ಲಿನ ಹಾಗೆ ತಳದಲ್ಲಿ ಕೂತರೆ ಎದೆ ಧಸಕ್ಕನ್ನುತ್ತದೆ. ಆ ಆರರ ಹಿಂದೆ ಲಕ್ಷಗಟ್ಟಲೆ ಮಾತ್ರೆ ಇರುತ್ತವೆ. ಬಣ್ಣ ಅದೇ, ಆಕಾರ ಅದೇ. ಕೆಟ್ಟ ಬ್ಯಾಚನ್ನು ಹಿಡಿದು ತೋರಿಸೋದು ಆ ನಂಬರ್ ಒಂದೇ.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡವು. ತಮಿಳುನಾಡಿನಲ್ಲಿ ಪರೀಕ್ಷೆ ಮಾಡಿದಾಗ ಕೋಲ್ಡ್ರಿಫ್ ಸಿರಪ್ಪಿನ ಎಸ್‌ಆರ್-13 ಬ್ಯಾಚಿನಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಬರೀ ವಿಷ. ಬಾಟಲಿಗೆ ಲೇಬಲ್ಲಾದರೂ ಇತ್ತು, ಮನೆಯಲ್ಲಿರೋದು ಅದೇನಾ ಅಂತ ನೋಡಬಹುದಿತ್ತು. ಈ ಅಜ್ಜಿ ಏನನ್ನು ನೋಡಬೇಕು?

ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಫೇಲಾದ ಔಷಧಿಗಳ ಪಟ್ಟಿ ಹಾಕುತ್ತದೆ, ಬ್ಯಾಚ್ ನಂಬರ್ ಸಮೇತ. ಒಮ್ಮೆ ಅಪ್ಪ ನುಂಗುವ ಮಾತ್ರೆಯ ಹೆಸರು ಅದರಲ್ಲಿ ಕಂಡಿತು. ಓಡಿ ಹೋಗಿ ಡಬ್ಬಿ ತೆಗೆದರೆ ಎಲ್ಲ ಕತ್ತರಿಸಿದ ತುಂಡುಗಳು. ಒಂದರ ಮೇಲೂ ನಂಬರ್ ಇಲ್ಲ. ಅಷ್ಟನ್ನೂ ಬಿಸಾಡಿದೆ. ಅಪ್ಪ ಅದೇ ಬ್ಯಾಚ್ ನುಂಗಿದ್ದರಾ ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ.

ಬಡವರು ಪೂರ್ತಿ ಸ್ಟ್ರಿಪ್ ಹೇಗೆ ತಗೋತಾರೆ ಅಂತ ಕೇಳುತ್ತೀರಿ. ತಗೊಳ್ಳಿ ಅಂತ ನಾನೆಲ್ಲಿ ಹೇಳಿದೆ? ನಾಲ್ಕೇ ಕೊಡಿ, ಬಿಲ್ಲಲ್ಲಿ ಬ್ಯಾಚ್ ಹಾಕಿ ಕೊಡಿ. ಕಂಪನಿಯವರು ಸ್ಟ್ರಿಪ್ಪಿನಲ್ಲಿ ಒಂದೊಂದು ಮಾತ್ರೆಯ ಹಿಂದೆಯೂ ನಂಬರ್ ಅಚ್ಚು ಹಾಕಲಿ. ನಾಲ್ಕು ಮಾತ್ರೆ ಕೊಳ್ಳುವವರಿಗೇ ಅದು ಜಾಸ್ತಿ ಬೇಕು.

ಕೊನೆಗೆ ಹುಡುಗ ಕವರಿನ ಮೇಲೆ ಪೆನ್ನಲ್ಲಿ ಬರೆದುಕೊಟ್ಟ. "ಇದೇನು ನಂಬರಮ್ಮ, ಫೋನ್ ಮಾಡಬೇಕಾ?" ಅಂದರು ಅಜ್ಜಿ. "ಇಲ್ಲ ಅಜ್ಜಿ, ಮಾತ್ರೆ ಮುಗಿದ ಮೇಲೂ ಕವರ್ ಇಟ್ಕೊಂಡಿರಿ" ಅಂದೆ. ಮಡಚಿ ಸೆರಗಿಗೆ ಗಂಟು ಹಾಕಿಕೊಂಡರು.