ತಿದ್ದುಪಡಿ ಸೇರಿದೆ, ಜನರ ಕೈಗೆ ಬಂದ ಫೈಲಿನಲ್ಲಿ ಇಲ್ಲ

ಇಂದು ಗಂಗಾವತಿಯ ಡಿಟಿಪಿ ಅಂಗಡಿಯೊಂದರಲ್ಲಿ ಕಂಡದ್ದನ್ನು ಬರೆಯದೆ ಇರಲು ನನ್ನಿಂದಾಗದು. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪಾಗಿದ್ದ ಹಳೆಯ ಪತ್ರಗಳನ್ನು ಯೂನಿಕೋಡಿಗೆ, ಅಂದರೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತಕ್ಕೆ, ಬದಲಿಸುತ್ತಿದ್ದ ಹುಡುಗ, ‘ಕಾರ್ಯದರ್ಶಿ’, ‘ವಾರ್ಡ್’, ‘ಅರ್ಜಿ’ ಹೀಗೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಂದೊಂದಾಗಿ ಕೈಯಿಂದ ತಿದ್ದುತ್ತಿದ್ದ. ಅವನು ಬಳಸುತ್ತಿದ್ದ ಪರಿವರ್ತಕದ ಹಿಂದಿರುವುದು ನಮ್ಮಲ್ಲಿ ಹಲವರು ಬಲ್ಲ ಒಂದು ಮುಕ್ತ ಜಾವಾಸ್ಕ್ರಿಪ್ಟ್ ಲೈಬ್ರರಿ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿದ್ಧ ಕೋಡು. ಅರ್ಕಾವತ್ತನ್ನು ತಪ್ಪು ಜಾಗದಲ್ಲಿ ಇಡುವ ಅದರ ದೋಷವನ್ನು ಸಿಂಧನೂರಿನ ವಿದ್ಯಾರ್ಥಿನಿಯೊಬ್ಬಳು ಎಷ್ಟೋ ಹಿಂದೆಯೇ ಸರಿಪಡಿಸಿ ಕಳುಹಿಸಿದ್ದಳು. ಲೈಬ್ರರಿಯ ನಿರ್ವಾಹಕರು ಅದನ್ನು ಮೂಲ ಕೋಡಿಗೆ ಸೇರಿಸಿಯೂ ಇದ್ದಾರೆ. ಆದರೆ ಜನರು ಇಳಿಸಿಕೊಳ್ಳುವ ಫೈಲಿನಲ್ಲಿ ಅದು ಇಲ್ಲ, ಏಕೆಂದರೆ ಆ ಫೈಲು ಇಂದಿಗೂ ಒಬ್ಬರ ಲ್ಯಾಪ್‌ಟಾಪಿನಲ್ಲಿ, ಅವರಿಗೆ ಬಿಡುವಾದಾಗ, ಕೈಯಿಂದಲೇ ತಯಾರಾಗುತ್ತದೆ.

ನನಗೆ ಸಿಟ್ಟು ಬಂದಿರುವುದು ಇದಕ್ಕೇ. ನುಡಿಯ ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ರಕಾರ ಮತ್ತು ಹಲಂತ (ಸ್ವರವಿಲ್ಲವೆಂದು ತೋರಿಸುವ ಗುರುತು) ಮೊದಲು ಬಂದು ವ್ಯಂಜನ ಆಮೇಲೆ ಬರಬೇಕು. ಸರಿಪಡಿಸಬೇಕಾದದ್ದು ಈ ಕ್ರಮವೊಂದನ್ನೇ. ಆದರೆ ಅಕ್ಷರಗಳ ಪಟ್ಟಿ, ಒತ್ತಕ್ಷರಗಳ ನಿಯಮ, ಅಂಕಿಗಳು, ಪುಟದ ಗುಂಡಿಗಳು ಎಲ್ಲವೂ ಒಂದೇ ಉದ್ದನೆಯ ಫೈಲಿನಲ್ಲಿ ಹೆಣೆದುಕೊಂಡಿರುವುದರಿಂದ, ಆ ಹುಡುಗಿ ತನ್ನ ಬದಲಾವಣೆ ಬೇರೆ ಏನನ್ನೂ ಕೆಡಿಸಿಲ್ಲವೆಂದು ತೋರಿಸಲು ಇಡೀ ಲೈಬ್ರರಿಯನ್ನೇ ಓದಬೇಕಾಯಿತು.

ಇಂಥ ಫೈಲನ್ನು ಮಾಡ್ಯೂಲುಗಳಾಗಿ, ಅಂದರೆ ಸಣ್ಣ ಸ್ವತಂತ್ರ ಭಾಗಗಳಾಗಿ, ಬಿಡಿಸುವುದು ಹೊಸ ವಿದ್ಯೆಯೇನಲ್ಲ. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು 2012ರ 1.8 ಆವೃತ್ತಿಯಿಂದಲೇ ಬೇಡದ ಭಾಗಗಳನ್ನು ಕೈಬಿಟ್ಟು ಬಿಲ್ಡ್ ಮಾಡಿಕೊಳ್ಳಬಹುದಿತ್ತು, ಅಂದರೆ ಮೂಲ ಕೋಡಿನಿಂದ ಬಳಕೆಯ ಫೈಲನ್ನು ಕಟ್ಟಿಕೊಳ್ಳಬಹುದಿತ್ತು. 2016ರಲ್ಲಿ ರೇಖಾಚಿತ್ರ ಬಿಡಿಸುವ ಲೈಬ್ರರಿಯಾದ ಡಿ3 ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಹಲವು ಸಣ್ಣ ಮಾಡ್ಯೂಲುಗಳಾಗಿ ಬೇರ್ಪಟ್ಟಿತು. 2015ರಿಂದ, ಮಾಡ್ಯೂಲುಗಳ ನಡುವೆ ಕೋಡನ್ನು ತರುವ ಮತ್ತು ಕೊಡುವ ಇಂಪೋರ್ಟ್, ಎಕ್ಸ್‌ಪೋರ್ಟ್‌ಗಳು ಜಾವಾಸ್ಕ್ರಿಪ್ಟ್ ಭಾಷೆಯ ಭಾಗವೇ ಆಗಿವೆ. ರೋಲಪ್‌ನಂತಹ ಸಾಧನ ಅವುಗಳನ್ನು ಅನುಸರಿಸಿ, ಬಳಕೆಯಾಗದ ಕೋಡನ್ನು ಬಿಟ್ಟು, ಬೇಕಾದಷ್ಟನ್ನೇ ಒಂದು ಫೈಲಿಗೆ ಕೂಡಿಸುತ್ತದೆ. ಪುಲ್ ರಿಕ್ವೆಸ್ಟ್, ಅಂದರೆ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಬಂದ ಕೂಡಲೇ ಪರೀಕ್ಷೆಗಳು ತಾವಾಗಿಯೇ ನಡೆದು, ಆವೃತ್ತಿಯ ಟ್ಯಾಗ್ ಹಾಕಿದೊಡನೆ ಬಿಲ್ಡ್ ಆಗಿ ಫೈಲು ಪ್ರಕಟವಾಗುವಂತೆ, ಕೋಡ್ ಹಂಚಿಕೆಯ ತಾಣದ ಸ್ವಯಂಚಾಲಿತ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಒಂದು ಸಣ್ಣ ಸಂರಚನೆ ಬರೆದಿಟ್ಟರೆ ಸಾಕು.

ಚಿಕ್ಕ ಯೋಜನೆಗೆ ಇಷ್ಟು ಸಾಧನಗಳು ಏಕೆ, ಇಂದು ಗ್ರಂಟ್, ನಾಳೆ ಗಲ್ಪ್, ನಾಡಿದ್ದು ವೆಬ್‌ಪ್ಯಾಕ್ ಎಂದು ಅವು ಬದಲಾಗುತ್ತಲೇ ಇರುತ್ತವಲ್ಲ ಎಂದು ಕೆಲವರು ಕೇಳುತ್ತಾರೆ. 2016ರಲ್ಲಿ ಹನ್ನೊಂದು ಸಾಲಿನ ಲೆಫ್ಟ್‌ಪ್ಯಾಡ್ ಎಂಬ ಪ್ಯಾಕೇಜು ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರದಿಂದ ಕಣ್ಮರೆಯಾಗಿ ಎಷ್ಟೋ ಬಿಲ್ಡುಗಳು ನಿಂತದ್ದನ್ನೂ ನೆನಪಿಸುತ್ತಾರೆ. ಆದರೆ ಅದು ಪರರ ಪ್ಯಾಕೇಜನ್ನು ನೆಚ್ಚಿಕೊಂಡದ್ದರ ತೊಂದರೆ. ನಮ್ಮದೇ ಕೋಡನ್ನು ಒಂದೇ ರೆಪಾಸಿಟರಿಯೊಳಗೆ, ಅಂದರೆ ಒಂದೇ ಕೋಡ್ ಸಂಗ್ರಹದೊಳಗೆ, ಮಾಡ್ಯೂಲುಗಳಾಗಿ ಇಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದೇ ಒಂದು ಬಿಲ್ಡ್ ಸಾಧನವನ್ನು ಆಯ್ದು, ಲಾಕ್ ಫೈಲಿನಲ್ಲಿ ಅದರ ಆವೃತ್ತಿಯನ್ನು ಕಟ್ಟಿಹಾಕಿದರೆ ಈ ಆಕ್ಷೇಪದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಕೈಯಿಂದ ಬಿಲ್ಡ್ ಮಾಡಿದರೂ ನಡೆಯುತ್ತದೆ, ನಂಬಿಕೆಯೇ ಮುಖ್ಯ ಎನ್ನುವವರು 2024ರ ಮಾರ್ಚಿನಲ್ಲಿ ಬಯಲಾದ ಎಕ್ಸ್‌ಝಡ್ ಎಂಬ ಫೈಲು ಕುಗ್ಗಿಸುವ ತಂತ್ರಾಂಶದ ಪ್ರಕರಣವನ್ನು ಓದಬೇಕು. ಅಲ್ಲಿ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲನ್ನು ತೆರೆಯುವ ಬಿಲ್ಡ್ ಸ್ಕ್ರಿಪ್ಟ್ ಸಾರ್ವಜನಿಕ ರೆಪಾಸಿಟರಿಯಲ್ಲಿ ಇರಲಿಲ್ಲ, ಜನರು ಇಳಿಸಿಕೊಳ್ಳಲೆಂದು ಕಟ್ಟಿಟ್ಟ ಬಿಡುಗಡೆಯ ಟಾರ್‌ಬಾಲಿನಲ್ಲಿ ಮಾತ್ರ ಇತ್ತು. ನಮ್ಮ ನಿರ್ವಾಹಕರು ಪ್ರಾಮಾಣಿಕರು, ವರ್ಷಗಳಿಂದ ಸಂಬಳವಿಲ್ಲದೆ ದುಡಿದವರು, ಅವರ ಮೇಲೆ ನನಗೆ ನಿಜವಾದ ಗೌರವವಿದೆ. ಆದರೂ ಮೂಲ ಕೋಡಿಗೂ ಪ್ರಕಟವಾದ ಫೈಲಿಗೂ ನಡುವೆ ಯಾರಿಗೂ ಕಾಣದ ಹಂತವೊಂದು ಇರಬಾರದು. ಆ ಹಂತದಲ್ಲೇ ಸಿಂಧನೂರಿನ ಹುಡುಗಿಯ ಶ್ರಮ ಸಿಕ್ಕಿಹಾಕಿಕೊಂಡಿದೆ.

ಆಕೆ ಈಗ ಅಕ್ಷರಪಟ್ಟಿಯನ್ನೂ ಒತ್ತಕ್ಷರದ ನಿಯಮಗಳನ್ನೂ ಬೇರೆ ಬೇರೆ ಮಾಡ್ಯೂಲುಗಳಾಗಿ ಬಿಡಿಸಿ, ಬಿಲ್ಡ್ ಮತ್ತು ಪರೀಕ್ಷೆಗಳ ಸಂರಚನೆಯನ್ನೂ ಸೇರಿಸಿ ಎರಡನೆಯ ಪುಲ್ ರಿಕ್ವೆಸ್ಟ್ ಕಳುಹಿಸಿದ್ದಾಳೆ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಜಾವಾಸ್ಕ್ರಿಪ್ಟ್ ಬಲ್ಲ ಗೆಳೆಯರು ದಯವಿಟ್ಟು ಅದನ್ನು ಓದಿ, ತಮ್ಮ ಊರಿನ ಹಳೆಯ ನುಡಿ ಕಡತಗಳ ಮೇಲೆ ಓಡಿಸಿ, ಎಡವಿದ ಪದಗಳನ್ನು ಪರೀಕ್ಷೆಗಳಾಗಿ ಸೇರಿಸಿ. ನಿರ್ವಾಹಕರಲ್ಲಿ ನನ್ನ ಬೇಡಿಕೆ ಒಂದೇ: ಮುಂದಿನ ಆವೃತ್ತಿಯನ್ನು ಲ್ಯಾಪ್‌ಟಾಪಿನಿಂದ ಕಳುಹಿಸಬೇಡಿ, ಈ ಸಂರಚನೆಯ ಮೂಲಕವೇ ಬಿಡುಗಡೆ ಮಾಡಿ.