ಒಂದೇ ದಿನ, ಏಳು ಸ್ಥಳ, ಮೈಂಡ್ ಫ್ರೆಶ್ ಗ್ಯಾರಂಟಿ

ಬೆಳಗಾವಿಯಲ್ಲಿ ದಸರಾ ರಜೆ ಹತ್ತಿರ ಬಂತೆಂದರೆ ವಾಟ್ಸ್ಯಾಪಿನಲ್ಲಿ ಒಂದು ಪೋಸ್ಟರ್ ಮನೆಮನೆ ತಿರುಗಲು ಶುರುವಾಗುತ್ತದೆ. ಹಿನ್ನೆಲೆಗೆ ಬಾದಾಮಿಯ ಕೆಂಪು ಬೆಟ್ಟ, ಬೆಟ್ಟದ ನೆತ್ತಿಗೆ ಅಂಟಿಸಿದ ಗೋಳಗುಮ್ಮಟ, ಮಗ್ಗುಲಲ್ಲಿ ಯಾವ ದೇಶದ್ದೋ ಜಲಪಾತ, ಎಲ್ಲದರ ಮುಂದೆ ಬಿಳಿ ಟೆಂಪೊ ಟ್ರಾವೆಲರ್, ಜನರ ಬಾಯಲ್ಲಿ ಟಿಟಿ. ಬನಶಂಕರಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ವಿಜಯಪುರ: ಒಂದೇ ದಿನದಲ್ಲಿ ಏಳು. ನಾಷ್ಟಾ, ಊಟ, ಪುಷ್‌ಬ್ಯಾಕ್ ಸೀಟು, ಡಿಜೆ ಸಹಿತ. ಕೆಳಗೆ ಕೆಂಪಕ್ಷರದಲ್ಲಿ, 'ಟೆನ್ಶನ್ ಬಿಡ್ರಿ, ಮೈಂಡ್ ಫ್ರೆಶ್ ಮಾಡ್ಕೊಳ್ರಿ.'

ಮಿಕ್ಸರಿಗೆ, ಮೋಟಾರಿಗೆ ಗ್ಯಾರಂಟಿ ಕೊಡುವವರು ಕೈಯಲ್ಲಿ ಒಂದು ಕಾರ್ಡನ್ನಾದರೂ ಇಡುತ್ತಾರೆ. ಮನಸ್ಸಿನ ಗ್ಯಾರಂಟಿಗೆ ಕಾರ್ಡಿಲ್ಲ. ಹಾಗಾಗಿ ಈ ಮಾಲನ್ನು ಬಿಚ್ಚಿ ಒಂದೊಂದೇ ಬಿಡಿಭಾಗ ನೋಡುವುದೇ ದಾರಿ.

ಮೊದಲು ಲೆಕ್ಕ. ಬೆಳಗಾವಿಯಿಂದ ಬಾದಾಮಿಗೆ ಸುಮಾರು 150 ಕಿಲೋಮೀಟರ್. ವಿಜಯಪುರದಿಂದ ಮರಳಿ ಬೆಳಗಾವಿಗೆ 200ಕ್ಕೂ ಹೆಚ್ಚು. ನಡುವಿನ ಸುತ್ತಾಟ ಕೂಡಿಸಿದರೆ 500 ದಾಟುತ್ತದೆ. ಹಂಪು, ಎತ್ತಿನಬಂಡಿ, ಕಬ್ಬಿನ ಟ್ರ್ಯಾಕ್ಟರು, ರಸ್ತೆಗೆ ಹರವಿದ ಜೋಳ ಇವನ್ನೆಲ್ಲ ದಾಟಿ ಟಿಟಿ ಓಡುವ ಸರಾಸರಿ ವೇಗ ಗಂಟೆಗೆ 45. ಅಂದರೆ 11 ಗಂಟೆ ಗಾಡಿಯೊಳಗೆ. ನಸುಕಿನ ಐದಕ್ಕೆ ಬಿಟ್ಟು ನಡುರಾತ್ರಿ ಹನ್ನೆರಡಕ್ಕೆ ಮುಟ್ಟಿದರೆ ಒಟ್ಟು 19; ಉಳಿದದ್ದು 8. ನಾಷ್ಟಾ, ಎರಡು ಚಹಾ, ಊಟ, ರಾತ್ರಿಯ ಊಟ ಸೇರಿ ಮೂರು ಗಂಟೆ ಹೋಯಿತು. ಪ್ರತಿ ಸ್ಥಳದಲ್ಲೂ ಎಲ್ಲರೂ ಸೀಟಿನಲ್ಲಿ ಕುಳಿತ ಮೇಲೆ 'ಮಾವಾರ ಎಲ್ಲಿ?' ಎಂಬ ಪ್ರಶ್ನೆ ಏಳುತ್ತದೆ. ಮಾವನವರನ್ನು ಹುಡುಕಲು 15 ನಿಮಿಷದಂತೆ ಏಳು ಸಲಕ್ಕೆ ಒಂದೂಮುಕ್ಕಾಲು ಗಂಟೆ. ಕೊನೆಗೆ ಕೈಗೆ ಉಳಿಯುವುದು ಮೂರೂಕಾಲು ಗಂಟೆ, ಅದನ್ನು ಏಳಕ್ಕೆ ಹಂಚಿದರೆ ಒಂದೊಂದಕ್ಕೆ 28 ನಿಮಿಷವೂ ಬರುವುದಿಲ್ಲ. ಪಾರ್ಕಿಂಗಿನಿಂದ ನಡಿಗೆ, ಟಿಕೆಟಿನ ಸಾಲು, ಶೌಚಾಲಯದ ಸಾಲು ಎಲ್ಲವೂ ಅದರಲ್ಲೇ. ಚಾಲುಕ್ಯರಿಗೆ ಸಿಗುವುದು ಹತ್ತು ನಿಮಿಷ.

ಪ್ರವಾಸದಿಂದ ಮನಸ್ಸಿಗೆ ಲಾಭವಿದೆ ಎಂಬುದೇನೂ ಸುಳ್ಳಲ್ಲ. ಎಷ್ಟು, ಯಾವಾಗ ಎಂದು ಅಳೆದವರೂ ಇದ್ದಾರೆ. ನೆದರ್ಲೆಂಡ್ಸಿನಲ್ಲಿ 1,530 ಜನರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳುವ ಪ್ರಕಾರ, ರಜೆಗೆ ಹೋಗಲಿರುವವರು ಹೋಗದವರಿಗಿಂತ ಖುಷಿಯಾಗಿರುವುದು ಹೊರಡುವ ಮುಂಚೆ. ಮರಳಿ ಬಂದ ಮೇಲೆ ಇಬ್ಬರೂ ಹೆಚ್ಚುಕಡಿಮೆ ಒಂದೇ. ಬಹಳ ಆರಾಮವಾಗಿ ಕಳೆದೆವು ಎಂದವರಿಗೆ ಮಾತ್ರ ಖುಷಿ ಸ್ವಲ್ಪ ದಿನ ಹೆಚ್ಚು ಉಳಿಯಿತು. ಅಂದರೆ ಲಾಭದ ದೊಡ್ಡ ಪಾಲು ಎದುರುನೋಡುವುದರಲ್ಲಿದೆ: ಇಂಥ ದಿನ ಹೋಗುವುದು, ಇಂಥದ್ದು ನೋಡುವುದು ಎಂದು ವಾರಗಟ್ಟಲೆ ಮೆಲುಕು ಹಾಕುವುದರಲ್ಲಿ.

ನಮ್ಮಲ್ಲಿ ಆ ಪಾಲನ್ನು ತೆಗೆದುಹಾಕುವ ಏರ್ಪಾಡು ಪಕ್ಕಾ ಇದೆ. ಶನಿವಾರ ರಾತ್ರಿ ಹತ್ತಕ್ಕೆ ಗ್ರೂಪಿನಲ್ಲಿ ಮೆಸೇಜು ಬೀಳುತ್ತದೆ, 'ನಾಳೆ ನಸಿಕ್ಲೆ ಐದಕ್ಕ ಗಾಡಿ, ಯಾರ್ಯಾರ್ ಬರ್ತೀರಿ?' ಉಳಿದ ಏಳು ಗಂಟೆಯಲ್ಲಿ ಸೀಟಿನ ಜಗಳ, ಕಿಟಕಿಯ ಜಗಳ, ಮಗುವಿಗೆ ಅರ್ಧ ಟಿಕೆಟೋ ಪೂರ್ತಿಯೋ ಎಂಬ ಜಗಳ, ಶೇಂಗಾ ಚಟ್ನಿ ಕುಟ್ಟುವ ಸದ್ದು. ನಿದ್ದೆ ಎರಡೂವರೆ ತಾಸು.

ಟಿಟಿಯಲ್ಲಿ 17 ಸೀಟು. ಹತ್ತುವವರು 22. ಹಿರಿಯರಿಗೆ, ಮಕ್ಕಳಿಗೆ ಹಿಂದಿನ ಉದ್ದ ಸೀಟು ಮೀಸಲು, ಏಕೆಂದರೆ ಅಲ್ಲಿ 'ಕಾಲ ಚಾಚಿ ಕುಂದ್ರಬಹುದು'. ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದಿರುವ ಈ ಸೀಟೇ ಗಾಡಿಯಲ್ಲಿ ಅತಿ ಹೆಚ್ಚು ಎಗರುವುದು. ಕಿವಿಯೊಳಗಿನ ಸಮತೋಲನದ ಅಂಗ 'ಅಲ್ಲಾಡುತ್ತಿದ್ದೇವೆ' ಎನ್ನುತ್ತದೆ. ಮೊಬೈಲಿಗೆ ಅಂಟಿದ ಕಣ್ಣು 'ಇಲ್ಲ, ಕೂತಿದ್ದೇವೆ' ಎನ್ನುತ್ತದೆ. ಎರಡರ ವಾದ ಬಗೆಹರಿಯದೆ ತೀರ್ಪು ಹೊಟ್ಟೆಗೆ ಬರುತ್ತದೆ. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಿದರೆ, ಹೊಟ್ಟೆ ಹಗುರವಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಆದರೆ ಮುಂದಿನ ಸೀಟು ವಂತಿಗೆ ಎತ್ತಿದವರದ್ದು, ಮತ್ತು ಯರಗಟ್ಟಿಯಲ್ಲಿ ಬಿಸಿ ಮಿರ್ಚಿ ಭಜಿ ಕಂಡಮೇಲೆ ಹೊಟ್ಟೆ ಹಗುರ ಇಡುವವರಾರು? ಹೊರಡುವ ಮೊದಲು ನುಂಗಬೇಕಾದ ವಾಂತಿ ಮಾತ್ರೆಯನ್ನು ವಾಂತಿಯಾದ ಮೇಲೆ ನುಂಗಿಸುತ್ತಾರೆ. ಅದು ಕೆಲಸ ಶುರು ಮಾಡುವ ಮೊದಲೇ ಮುಂದಿನ ವಾಂತಿಯಲ್ಲಿ ಹೊರಬರುತ್ತದೆ.

ಬನಶಂಕರಿಯಲ್ಲಿ ಗುಡಿಯ ಹೊರಗೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಎದುರಾಗುತ್ತಾರೆ. ಖಡಕ್ ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳುಪಲ್ಯ, ಗಡಿಗೆಯ ಮೊಸರು. ಹೊಂಡದ ಕಲ್ಲಿನ ಮಂಟಪದ ನೆರಳಲ್ಲಿ ಕೂತು ಅದನ್ನು ಉಂಡು ಏಳುವುದಕ್ಕೆ ಮುಕ್ಕಾಲು ಗಂಟೆ ಬೇಕು. ಆದರೆ 'ನಾಷ್ಟಾ ಪ್ಯಾಕೇಜದಾಗ ಐತಿ.' ಹಾಗಾಗಿ 22 ಜನ ಗಾಡಿ ಹತ್ತಿ, ಬೆಳಗಾವಿಯಲ್ಲಿ ಮನೆಯೆದುರಿಗೇ ಸಿಗುವ ಇಡ್ಲಿ ವಡೆಯನ್ನು 150 ಕಿಲೋಮೀಟರ್ ದಾಟಿ ಬಂದು ತಿನ್ನುತ್ತಾರೆ.

ಬಾದಾಮಿಯಲ್ಲಿ ಕೆಲಸ ಚುರುಕು. ಮೊದಲ ಗುಹೆಯ ಹೊರಗೋಡೆಯ ಮೇಲೆ 18 ತೋಳಿನ ನಟರಾಜ ಕುಣಿಯುತ್ತಾನೆ. ಅವನಿಗೆ ಬೆನ್ನು ತೋರಿಸಿ ನಿಲ್ಲುವುದು ವಾಡಿಕೆ. ಫೋಟೋದಲ್ಲಿ ನಾಲ್ಕು ತೋಳು ಸೋದರಮಾವನ ತಲೆಯ ಹಿಂದಿನಿಂದ ಮೂಡಿದಂತೆ ಕಾಣುತ್ತವೆ. ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಇಲ್ಲಿಯ ಕೆತ್ತನೆ ಯಾವ ವರ್ಷದ್ದೆಂದು ಊಹಿಸುವ ಕಷ್ಟವನ್ನೇ ಅದು ತಪ್ಪಿಸಿಬಿಟ್ಟಿದೆ. ಆದರೂ ಎಲ್ಲರೂ ಗೈಡಿಗೆ ಕೇಳುವುದು, 'ಇಲ್ಲೆ ಯಾವ ಪಿಚ್ಚರ್ ಶೂಟಿಂಗ್ ಆಗೇತ್ರಿ?'

ಫೋಟೋ ಎಂದರೆ ನೆನಪು ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಮ್ಯೂಸಿಯಂ ಸುತ್ತಿಸಿ, ಕೆಲವು ವಸ್ತುಗಳ ಫೋಟೋ ತೆಗೆಸಿದರು, ಕೆಲವನ್ನು ಬರೇ ನೋಡಿಸಿದರು. ಮರುದಿನ ಕೇಳಿದಾಗ ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ಮೊಬೈಲಿದೆಯಲ್ಲ, ತಾನೇಕೆ ಹೊರಬೇಕು ಎಂದು ತಲೆ ಭಾರ ಇಳಿಸಿಬಿಡುತ್ತದೆ. ಒಂದು ವಿನಾಯಿತಿ ಇತ್ತು: ವಸ್ತುವಿನ ಒಂದು ಭಾಗವನ್ನು ಝೂಮ್ ಮಾಡಿ ತೆಗೆದವರ ನೆನಪು ಕೆಡಲಿಲ್ಲ. ನಟರಾಜನ ಒಂದು ಕೈಬೆರಳನ್ನು ಹಿಡಿದು ಝೂಮ್ ಮಾಡಿದರೂ ಅಷ್ಟು ಉಳಿದೀತು. ನಮ್ಮವರು ಝೂಮ್ ಮಾಡುವುದು ಫೋಟೋದಲ್ಲಿ ತಮ್ಮ ಕಣ್ಣು ಮುಚ್ಚಿದೆಯೋ ಇಲ್ಲವೋ ನೋಡಲಿಕ್ಕೆ.

ಗುಹೆಯ ಮೆಟ್ಟಿಲಲ್ಲಿ ಮಂಗಗಳಿವೆ, ಮತ್ತು ಈ ಪ್ಯಾಕೇಜಿನಲ್ಲಿ ಪೂರ್ಣ ಎಚ್ಚರದಲ್ಲಿರುವವು ಅವಷ್ಟೇ. ಪ್ಲಾಸ್ಟಿಕ್ ಚೀಲದ ಸರಸರ ಸದ್ದೇ ಅವಕ್ಕೆ ಊಟದ ಗಂಟೆ. ಚೀಲ ಬೇಡ, ಕೈಯಲ್ಲಿ ತಿಂಡಿ ಬೇಡ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ: ಮೂರೇ ನಿಯಮ. ನಮ್ಮ ತಂಡ ಚುರುಮುರಿಯ ಚೀಲ ಹಿಡಿದು, ಮಂಗನನ್ನು ದಿಟ್ಟಿಸಿ ನೋಡಿ, ಅದರ ಜೊತೆ ಸೆಲ್ಫಿಗೆ ನಿಲ್ಲುತ್ತದೆ. ಮಂಗನ ಭಾಷೆಯಲ್ಲಿ ದಿಟ್ಟಿಸಿ ನೋಡುವುದೆಂದರೆ 'ಬಾ ನೋಡ್ತೀನಿ' ಎಂದರ್ಥ. ಅದು ಬರುತ್ತದೆ.

ಕೆಳಗೆ ಅಗಸ್ತ್ಯ ತೀರ್ಥ, ಅದರ ಆಚೆ ದಂಡೆಗೆ ಭೂತನಾಥ ಗುಡಿ. ದುಡಿದು ದಣಿದ ಗಮನಕ್ಕೆ ಮತ್ತೆ ಕಸುವು ಬರುವುದು ಬಲವಂತವಿಲ್ಲದೆ ಕಣ್ಣನ್ನು ಹಿಡಿದಿಡುವ ಜಾಗದಲ್ಲಿ, ಅಂದರೆ ನೀರು, ಮೋಡ, ಎಲೆಗಳ ಅಲುಗಾಟದ ನಡುವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ 1989ರಷ್ಟು ಹಿಂದೆಯೇ ಬರೆದಿದ್ದಾರೆ. ಅದಕ್ಕೆ ಈ ಕೆರೆಯ ಮೆಟ್ಟಿಲಿಗಿಂತ ಒಳ್ಳೆಯ ಸಾಧನ ಮೂರು ಜಿಲ್ಲೆ ಹುಡುಕಿದರೂ ಸಿಗಲಿಕ್ಕಿಲ್ಲ. ಟಿಕೆಟ್ಟೂ ಇಲ್ಲ. ಪ್ಯಾಕೇಜಿನಲ್ಲಿಯೂ ಇಲ್ಲ. 'ಅಲ್ಲೇನೈತ್ರಿ, ಬರೇ ನೀರ. ನೀರ ಆಲಮಟ್ಟ್ಯಾಗ ತೋರಸ್ತೇವಿ, ಲಗೂ ಹತ್ರಿ!'

ಪಟ್ಟದಕಲ್ಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ದಕ್ಷಿಣ ಶೈಲಿಯ ಗೋಪುರವೂ ಬಾಗಿ ಏರುವ ಉತ್ತರ ಶೈಲಿಯ ಶಿಖರವೂ ಒಂದೇ ಹುಲ್ಲುಹಾಸಿನ ಮೇಲೆ ನಿಂತಿವೆ. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದಕ್ಷಿಣದ್ದು. ಹತ್ತಿರದ ಗಳಗನಾಥ ಉತ್ತರದ್ದು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಈ ಊರು ಸೇರಿದ್ದೂ ಇದೇ ಕಾರಣಕ್ಕೆ. ನಮ್ಮ ತಂಡದ ತೀರ್ಮಾನ: 'ಎಲ್ಲಾ ಗುಡಿ ಒಂದ ನಮೂನಿ ಅದಾವ.' ಐಹೊಳೆಗೆ ಬರುವ ಹೊತ್ತಿಗೆ ಡ್ರೈವರ್ ಅರ್ಧ ಸ್ಥಳವನ್ನು ರದ್ದು ಮಾಡಿರುತ್ತಾನೆ. ದುರ್ಗದ ಗುಡಿ ಮಾತ್ರ, ಅದೂ ಗೇಟಿನಿಂದ.

ಮೇಗುಟಿ ಗುಡ್ಡ ಹತ್ತುವ ಪ್ರಶ್ನೆಯೇ ಇಲ್ಲ. ಅಲ್ಲಿ 634ರ ಶಾಸನದಲ್ಲಿ ರವಿಕೀರ್ತಿ ಎಂಬ ಕವಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ, ಕೊನೆಗೆ ತಾನೂ ಕಾಳಿದಾಸ ಭಾರವಿಯರಷ್ಟೇ ಕೀರ್ತಿವಂತ ಎಂದು ಕಲ್ಲಿನ ಮೇಲೆ ಕೊರೆಸಿಕೊಂಡಿದ್ದಾನೆ. ಈಗಿನ ರವಿಗಳಿಗೆ ಅಷ್ಟು ಪೀಠಿಕೆ ಬೇಡ. ಬೈಕಿನ ಕೀಲಿಕೈಯಿಂದ ಹೆಸರು, ಅದರ ಪಕ್ಕ ಬಾಣ ಚುಚ್ಚಿದ ಹೃದಯ, ಆಚೆ ಇನ್ನೊಂದು ಹೆಸರು. ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾನೂನಿದೆ. ಅದನ್ನು ಬರೆದ ನೀಲಿ ಬೋರ್ಡಿನ ಮೇಲೂ ಒಂದು ಹೃದಯ ಇರುತ್ತದೆ.

ಕೂಡಲಸಂಗಮದಲ್ಲಿ ಸ್ಥಾವರಕ್ಕೆ ಕೈಮುಗಿದು, ಐಕ್ಯಮಂಟಪಕ್ಕೆ ಇಳಿದು, ಏರಿ, ಜಂಗಮರಾಗಿ ಗಾಡಿ ಹತ್ತುತ್ತಾರೆ. ಆಲಮಟ್ಟಿ ಮುಟ್ಟುವಾಗ ಕತ್ತಲು. ಬಾದಾಮಿಯಲ್ಲಿ ಮಾತು ಕೊಟ್ಟ ನೀರು ಇದೆಯೆಂದು ಗಾಳಿಯ ತಂಪಿನಿಂದ ಊಹಿಸಬೇಕು.

ಇನ್ನುಳಿದದ್ದು ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ ಸಂಜೆಗೆ ಬಾಗಿಲು ಹಾಕುತ್ತದೆ. ಪ್ಯಾಕೇಜು ಮುಟ್ಟುವುದು ಬಾಗಿಲು ಹಾಕಿದ ಮೇಲೆ. ಗೇಟಿನ ಸರಳಿನ ಸಂದಿಯಲ್ಲಿ ಮೊಬೈಲು ತೂರಿಸಿ ಏಳನೆಯ ಸ್ಥಳಕ್ಕೆ ಟಿಕ್ ಹಾಕಲಾಗುತ್ತದೆ. ನಿಜ ಹೇಳಬೇಕೆಂದರೆ ಗುಮ್ಮಟಕ್ಕೆ ಅದೇ ಕ್ಷೇಮ. ಹಗಲು ಹೋದವರು ಮೂಲೆಯ ಏಳು ಅಂತಸ್ತಿನ ಮಿನಾರಿನ ಇಕ್ಕಟ್ಟು ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿ, ಪಿಸುಮಾತಿನ ಮೊಗಸಾಲೆಗೆ ಬಂದು ಮಾಡುವ ಮೊದಲ ಕೆಲಸ ಗಂಟಲು ಹರಿಯುವಂತೆ ಕೂಗುವುದು. ಒಳಗಿನ ವ್ಯಾಸ ಸುಮಾರು 38 ಮೀಟರ್. ಗೋಡೆಗೆ ಮುಖ ಮಾಡಿ ಉಸುರಿದ ಮಾತು ಬಾಗಿದ ಗೋಡೆಯನ್ನೇ ಹಿಡಿದು ಸಾಗಿ, ಎದುರು ಬದಿಯ ಗೋಡೆಗೆ ಕಿವಿಯಿಟ್ಟವರಿಗೆ ಸೆಕೆಂಡಿನ ಐದನೇ ಒಂದು ಪಾಲಿನೊಳಗೆ ಮುಟ್ಟುತ್ತದೆ. ಕೈಗಡಿಯಾರದ ಟಿಕ್ ಟಿಕ್ ಕೂಡ ಕೇಳಿಸುತ್ತದೆ. ಅದಕ್ಕೆ ಬೇಕಾದದ್ದು ಇಬ್ಬರು ಮತ್ತು ಉಳಿದವರ ಬಾಯಿ ಮುಚ್ಚಿರುವುದು. ಒಂದು ಕೂಗು ಏಳೆಂಟು ಸಲ ಮರುಕಳಿಸುವ ಕೋಣೆಯಲ್ಲಿ ನಲವತ್ತು ಜನ ಒಟ್ಟಿಗೆ 'ಓ' ಎಂದರೆ ಮರುದನಿಗಳು ಒಂದರ ಮೇಲೊಂದು ಬಿದ್ದು ಬರೇ ಗದ್ದಲ ಉಳಿಯುತ್ತದೆ. 'ಏನೂ ಕೇಳವಲ್ದು, ಸುಮ್ನ ಹೇಳ್ತಾರ' ಎಂದು ಕೂಗಿದವರೇ ಕೆಳಗಿಳಿಯುತ್ತಾರೆ.

ಮರಳುವ ದಾರಿಯಲ್ಲಿ ಡಿಜೆ ಸದ್ದು ಒಂದು ಮೆಟ್ಟಿಲು ಏರುತ್ತದೆ, ಡ್ರೈವರ್ ನಿದ್ದೆ ಹೋಗಬಾರದೆಂದು. ನಸುಕಿನ ಐದರಿಂದ ಸ್ಟಿಯರಿಂಗ್ ಹಿಡಿದವನಿಗೆ ಬೇಕಿರುವುದು ಹಾಸಿಗೆ ಎಂದು ಹೇಳುವವನನ್ನು ಗ್ರೂಪಿನಿಂದ ತೆಗೆದುಹಾಕುತ್ತಾರೆ. ಉದ್ದ ರಜೆಗೆ ಹೋದ ನೌಕರರನ್ನು ಹಿಂಬಾಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಸ್ಸಿನ ನೆಮ್ಮದಿ ತುದಿ ಮುಟ್ಟಿದ್ದು ಎಂಟನೆಯ ದಿನ. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ಮೊದಲಿನ ಮಟ್ಟಕ್ಕೆ ಇಳಿಯಿತು. ನಮ್ಮ ಪ್ಯಾಕೇಜು ಎಂಟನೆಯ ದಿನದ ಬದಲು ಏಳು ಸ್ಥಳ ಕೊಟ್ಟಿದೆ. ಸಂಖ್ಯೆಯಲ್ಲಿ ಒಂದೇ ಕಡಿಮೆ. ಇನ್ನೊಂದು ಮಾತೂ ಇದೆ. ಯಾವುದೇ ಅನುಭವದ ಅತಿ ತೀವ್ರ ಕ್ಷಣ ಮತ್ತು ಕೊನೆಯ ಕ್ಷಣ, ನೆನಪು ಎತ್ತಿಟ್ಟುಕೊಳ್ಳುವುದು ಹೆಚ್ಚಾಗಿ ಇವೆರಡನ್ನೇ ಎನ್ನುತ್ತದೆ ಮನಶ್ಶಾಸ್ತ್ರ. ಇಲ್ಲಿ ತೀವ್ರ ಕ್ಷಣ ಮಂಗ. ಕೊನೆಯ ಕ್ಷಣ, ರಾತ್ರಿ ಒಂದಕ್ಕೆ ಬೀದಿದೀಪದ ಕೆಳಗೆ ನಡೆಯುವ ಹಿಸಾಬು: ಡೀಸೆಲ್ ಹೆಚ್ಚಾಯಿತು, ಗಾಡಿ ತೊಳೆಸುವ ಖರ್ಚು ಬಂತು, ಅರ್ಧ ಟಿಕೆಟಿನ ಮಗು ಪೂರ್ತಿ ಊಟ ಮಾಡಿತು.

ಬೇರೆ ದಾರಿಯೂ ಇದೆ. ಗದಗ–ಹೋಟಗಿ ರೈಲುಮಾರ್ಗ ಬಾದಾಮಿ, ಬಾಗಲಕೋಟೆ, ಆಲಮಟ್ಟಿ, ವಿಜಯಪುರವನ್ನು ಒಂದೇ ದಾರಕ್ಕೆ ಪೋಣಿಸಿದೆ. ಮೂರು ವಾರ ಮೊದಲೇ ದಿನ ಗೊತ್ತುಮಾಡಿ, ಒಂದೇ ಊರು ಆರಿಸಿ, ಹಿಂದಿನ ರಾತ್ರಿ ಹೋಗಿ ಮಲಗಬೇಕು. ಬಾದಾಮಿಯಾದರೆ ಸ್ಟೇಶನ್ನಿನಿಂದ ಊರು ಐದು ಕಿಲೋಮೀಟರ್. ಆಟೋ ಹಿಡಿದರಾಯಿತು. ಬೆಳಿಗ್ಗೆ ಗುಹೆ, ಮಧ್ಯಾಹ್ನ ಬನಶಂಕರಿಯ ರೊಟ್ಟಿ, ಮೂರರಿಂದ ಆರರವರೆಗೆ ಭೂತನಾಥದ ಮೆಟ್ಟಿಲ ಮೇಲೆ ಏನೂ ಮಾಡದೆ ಕೂಡುವುದು. ಫೋನು ಚೀಲದಲ್ಲಿ. ತೊಂದರೆ ಒಂದೇ. ಸ್ಟೇಟಸ್ಸಿಗೆ ಹಾಕಲು ಒಂದೇ ಊರಿನ ಫೋಟೋ ಸಿಗುತ್ತದೆ, ಅದೂ ಹಾಕಿದರೆ ಓಣಿಯವರು ಕೇಳುತ್ತಾರೆ: 'ಇಷ್ಟ ದೂರ ಹೋಗಿ ಬರೇ ಇದೊಂದ ನೋಡಿ ಬಂದ್ರ್ಯಾ?'